ಹದಿನೈದು ಸಲ ಆಫ್, ಹದಿನೈದು ಸಲ ಆನ್

ಆಷಾಢದಲ್ಲಿ ಹೊಸದೇನನ್ನೂ ಶುರು ಮಾಡಬಾರದು ಎಂದರೆ ನಮ್ಮ ಐಟಿ ಮಂದಿ ನಗುತ್ತಾರೆ. ಆದರೆ ಅವರಲ್ಲೂ ಒಂದು ಶಾಸ್ತ್ರವಿದೆ: ಶುಕ್ರವಾರ ಅಪ್‌ಡೇಟ್ ಬಿಡಬಾರದು. ಬಿಟ್ಟರೆ ಶನಿವಾರ ಹೋಯಿತು, ಭಾನುವಾರವೂ ಹೋಯಿತು. 2024ರ ಜುಲೈ 19 ಆಷಾಢವೂ ಹೌದು, ಶುಕ್ರವಾರವೂ ಹೌದು. ಚಾಮುಂಡಿ ಬೆಟ್ಟದಲ್ಲಿ ಎರಡನೇ ಆಷಾಢ ಶುಕ್ರವಾರದ ಜನ ದರ್ಶನಕ್ಕೆ ಸಾಲುಗಟ್ಟಿದ್ದ ಹೊತ್ತು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ, ಅಮೆರಿಕದ ಟೆಕ್ಸಾಸಿನ ಆಸ್ಟಿನ್‌ನಲ್ಲಿ ನೆಲೆಸಿದ ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿ, ತನ್ನ ಕಾವಲು ತಂತ್ರಾಂಶ ಹಾಕಿಸಿಕೊಂಡ ಜಗತ್ತಿನ ವಿಂಡೋಸ್ ಕಂಪ್ಯೂಟರುಗಳಿಗೆ ಒಂದು ಪುಟ್ಟ ಫೈಲ್ ಕಳಿಸಿತು. ಆಸ್ಟಿನ್‌ನಲ್ಲಿ ಆಗಿನ್ನೂ ಗುರುವಾರ ರಾತ್ರಿ ಹನ್ನೊಂದು ದಾಟಿತ್ತು ಅಷ್ಟೆ. ಶಾಸ್ತ್ರ ಮುರಿದ ದೋಷ ಹಾಗಾಗಿ ಅವರ ಲೆಕ್ಕಕ್ಕೆ ಬರಲಿಲ್ಲ. ಶುಕ್ರವಾರಕ್ಕೆ ಆಗಲೇ ಕಾಲಿಟ್ಟಿದ್ದ ನಮ್ಮ ಲೆಕ್ಕಕ್ಕೆ ಬಂತು. ಚೆಕ್-ಇನ್ ವ್ಯವಸ್ಥೆ 10.40ರಿಂದ ಕೈಕೊಟ್ಟಿದೆ ಎಂದು ಬೆಂಗಳೂರಿನ ವಿಮಾನ ನಿಲ್ದಾಣ ಪ್ರಕಟಿಸಿತು. ಶುಕ್ರವಾರದ ರಾಹುಕಾಲ ಶುರುವಾಗುವುದು ಹತ್ತೂವರೆಗೆ. ಪಂಚಾಂಗವನ್ನು ನಂಬದವರಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ?

ಫೈಲ್ ಮುಟ್ಟಿದ ಯಂತ್ರಗಳೆಲ್ಲ ನೀಲಿಗಟ್ಟಿದವು. ವಿಂಡೋಸ್‌ನ ಆ ಹೆಸರಾಂತ ನೀಲಿ ಪರದೆ, ಅದರ ಮೇಲೊಂದು ಸಪ್ಪೆ ಮೋರೆ. ತಾನೇ ರೀಸ್ಟಾರ್ಟ್ ಆಗುತ್ತದೆ, ಅರ್ಧ ದಾರಿಯಲ್ಲಿ ಮತ್ತೆ ನೀಲಿ, ಮತ್ತೆ ರೀಸ್ಟಾರ್ಟ್. ಹೀಗೆ ಮಲಗಿದ ಯಂತ್ರಗಳು 85 ಲಕ್ಷ ಎಂದು ಮೈಕ್ರೋಸಾಫ್ಟ್ ಲೆಕ್ಕ ಕೊಟ್ಟಿತು. ಜೊತೆಗೊಂದು ಸಮಾಧಾನವನ್ನೂ ಹೇಳಿತು: ಜಗತ್ತಿನ ಒಟ್ಟು ವಿಂಡೋಸ್ ಯಂತ್ರಗಳಲ್ಲಿ ಇದು ಶೇಕಡಾ ಒಂದಕ್ಕಿಂತ ಕಡಿಮೆ. ನಿಜವೇ. ಆ ಒಂದಕ್ಕಿಂತ ಕಡಿಮೆ ಎಂಬುದು ಹೋಗಿ ಕೂತಿದ್ದು ಆಸ್ಪತ್ರೆ, ಬ್ಯಾಂಕು, ಟಿವಿ ಸ್ಟುಡಿಯೋ, ವಿಮಾನ ನಿಲ್ದಾಣಗಳಲ್ಲಿ ಎಂಬುದಷ್ಟೇ ಸಣ್ಣ ತೊಡಕು. ಮದುವೆ ಫೋಟೋ ತುಂಬಿಟ್ಟ ಮನೆಯ ಲ್ಯಾಪ್‌ಟಾಪಿಗೆ ಏನೂ ಆಗಲಿಲ್ಲ. ಅಷ್ಟು ದುಬಾರಿ ಕಾವಲು ಹಾಕಿಸುವ ಅನುಕೂಲ ಮನೆಯವರಿಗೆ ಎಲ್ಲಿಂದ ಬರಬೇಕು? ಕೆಟ್ಟದ್ದು ಕಾವಲಿದ್ದ ಯಂತ್ರಗಳು ಮಾತ್ರ. ಕದ್ದ ವಿಂಡೋಸ್ ಮೇಲೆ, ಹತ್ತಾರು ವೈರಸ್ಸುಗಳ ಸಹಬಾಳ್ವೆಯಲ್ಲಿ ಓಡುವ ಬೀದಿ ಬದಿಯ ಅಂಗಡಿಯ ಕಂಪ್ಯೂಟರು ಅಂದೂ ಎಂದಿನಂತೆ ಎದ್ದು ಆಧಾರ್ ಪ್ರಿಂಟ್ ತೆಗೆದುಕೊಡುತ್ತಿತ್ತು.

ಕಾರಣ ಏನು? ಕಂಪನಿ ಮುಂದೆ ಆಗಸ್ಟ್‌ನಲ್ಲಿ ತಾನೇ ಬರೆದು ಒಪ್ಪಿಕೊಂಡಿದೆ. ಕಾವಲು ತಂತ್ರಾಂಶದ ಹೊಸ ನಿಯಮ 21 ಅಂಕಣಗಳನ್ನು ಓದಲು ಹೇಳುತ್ತಿತ್ತು. ಅದರ ಕೈಗೆ ಸಿಕ್ಕಿದ್ದು 20. ಇಲ್ಲದ ಇಪ್ಪತ್ತೊಂದನೆಯದನ್ನು ಹುಡುಕುತ್ತ ಹೋಗಿ ತನ್ನದಲ್ಲದ ಮೆಮೊರಿಗೆ ಕೈಹಾಕಿ ಅದು ಬಿತ್ತು. ಇದೇ ಫಾರಂ ನಮ್ಮ ಯಾವುದೇ ತಾಲ್ಲೂಕು ಕಚೇರಿಗೆ ಹೋಗಿದ್ದರೆ ಏನಾಗುತ್ತಿತ್ತು ನೋಡಿ. ಗುಮಾಸ್ತರು ಕನ್ನಡಕ ಏರಿಸಿ, 'ಇಪ್ಪತ್ತೊಂದನೇ ಕಾಲಂ ಎಲ್ರೀ? ನಾಳೆ ಬನ್ನಿ' ಎನ್ನುತ್ತಿದ್ದರು. ಮನುಷ್ಯ ವಾಪಸ್ ಹೋಗುತ್ತಿದ್ದ, ಕಚೇರಿ ನಿಂತಿರುತ್ತಿತ್ತು. ಸಾವಿರಾರು ಕೋಟಿ ಡಾಲರ್ ಬೆಲೆಯ ಕಂಪನಿಯ ತಂತ್ರಾಂಶಕ್ಕೆ ಆ ಗುಮಾಸ್ತರ ಬುದ್ಧಿ ಇರಲಿಲ್ಲ. ಖಾಲಿ ಕಾಲಂ ಕಂಡ ಕೂಡಲೇ ಅದು ಕಟ್ಟಡವನ್ನೇ ಕೆಡವಿತು. ಕೆಡವುವ ಅಧಿಕಾರವೂ ಅದಕ್ಕಿತ್ತು. ಅದು ವಾಸಿಸುವುದು ಕರ್ನಲ್ ಎಂಬ ಗರ್ಭಗುಡಿಯಲ್ಲಿ. ಅಲ್ಲಿ ಯಾರು ಜಾರಿ ಬಿದ್ದರೂ ಇಡೀ ವಿಂಡೋಸ್ ಜೊತೆಗೇ ಬೀಳುತ್ತದೆ. ಸಾಲದ್ದಕ್ಕೆ, ಕಳ್ಳ ಬರುವ ಮೊದಲೇ ಕಾವಲುಗಾರ ಎದ್ದಿರಬೇಕಲ್ಲ ಎಂದು ಯಂತ್ರ ಕಣ್ಣು ಬಿಡುವ ಹೊತ್ತಿಗೇ ಅದನ್ನು ಎಬ್ಬಿಸುವ ಏರ್ಪಾಡು. ಆದ್ದರಿಂದ ಪ್ರತಿ ಸಲ ಆನ್ ಮಾಡಿದಾಗಲೂ ಕಾವಲುಗಾರ ಮೊದಲು ಏಳುತ್ತಾನೆ, ಮೊದಲು ಬೀಳುತ್ತಾನೆ, ಯಜಮಾನನಿಗೆ ಏಳಲು ಬಿಡುವುದೇ ಇಲ್ಲ.

ಇನ್ನು ಚಿಕಿತ್ಸೆಯ ವಿಚಾರ. ಏಳದ ಕಂಪ್ಯೂಟರಿಗೆ ನಮ್ಮಲ್ಲಿ ಒಂದು ಪರಂಪರೆಯ ವೈದ್ಯವಿದೆ, ಅದರ ಮಠ ಬೆಂಗಳೂರಿನ ಎಸ್.ಪಿ. ರಸ್ತೆ. ಅಲ್ಲಿನ ಹುಡುಗರು ರೋಗಿಯನ್ನು ನೋಡುವ ಕ್ರಮವೇ ಚೆನ್ನ. ಮೊದಲು ಪ್ಲಗ್ ಸರಿಯಾಗಿ ಕೂತಿದೆಯೇ ಎಂದು ನೋಡುತ್ತಾರೆ. (ಇದರಲ್ಲೇ ಅರ್ಧ ಕೇಸು ಮುಗಿಯುತ್ತದೆ, ನೂರು ರೂಪಾಯಿ ಬಿಲ್ಲು ಮಾತ್ರ ಮುಗಿಯುವುದಿಲ್ಲ.) ಆಮೇಲೆ ಬೀಪ್ ಎಷ್ಟು ಸಲ ಬಂತೆಂದು ಕಿವಿಗೊಡುತ್ತಾರೆ. ರ್‍ಯಾಮ್ ಕಿತ್ತು, ಶಾಲೆ ಮಕ್ಕಳ ರಬ್ಬರಿನಿಂದ ಅದರ ಚಿನ್ನದ ಬಣ್ಣದ ಅಂಚನ್ನು ಉಜ್ಜಿ, ಉಫ್ ಎಂದು ಊದಿ ಮತ್ತೆ ಕೂರಿಸುತ್ತಾರೆ. ಅಷ್ಟಕ್ಕೂ ಏಳದಿದ್ದರೆ ಮದರ್‌ಬೋರ್ಡಿನ ಮೂರು ವೋಲ್ಟಿನ ಬಿಲ್ಲೆ ಬ್ಯಾಟರಿ. ಹೊರಗಿನಿಂದ ಒಳಕ್ಕೆ, ಅಗ್ಗದ್ದರಿಂದ ದುಬಾರಿಗೆ. ಯಾವ ಸರ್ಟಿಫಿಕೇಟೂ ಇಲ್ಲದ ಈ ಹುಡುಗರ ಕೆಲಸದಲ್ಲಿ ತರ್ಕವಿದೆ, ಒಂದು ಹೆಜ್ಜೆಗೂ ಇನ್ನೊಂದಕ್ಕೂ ಸಂಬಂಧವಿದೆ.

ಮೈಕ್ರೋಸಾಫ್ಟ್ ಅಂದು ತನ್ನ ಕ್ಲೌಡ್ ಗ್ರಾಹಕರಿಗೆ ಹೇಳಿದ ಔಷಧ ಬೇರೆ. ಆಫ್ ಮಾಡಿ, ಆನ್ ಮಾಡಿ. ಏಳಲಿಲ್ಲವೇ? ಮತ್ತೆ ಮಾಡಿ. ಕೆಲವರಿಗೆ ಹದಿನೈದು ಸಲ ಬೇಕಾಯಿತಂತೆ, ಆದರೂ ಇದು ಪರಿಣಾಮಕಾರಿ ಎಂದೇ ಅದು ಬರೆಯಿತು. ನಗಬೇಡಿ, ಇದಕ್ಕೂ ವಿಜ್ಞಾನವಿದೆ. ಏಳುವುದಕ್ಕೂ ಬೀಳುವುದಕ್ಕೂ ನಡುವಿನ ಆ ಕ್ಷಣದಲ್ಲಿ ಯಂತ್ರಕ್ಕೆ ನೆಟ್‌ವರ್ಕ್ ಸಿಕ್ಕಿಬಿಟ್ಟರೆ, ತಿದ್ದಿದ ಫೈಲ್ ಇಳಿದು ಬಂದರೆ, ಕಾವಲುಗಾರ ಎಡವುವ ಮೊದಲೇ ಅವನ ದಾರಿಯ ಕಲ್ಲು ಸರಿಯುತ್ತದೆ. ವೈಫೈಗಿಂತ ತಂತಿಯ ಸಂಪರ್ಕ ಮೇಲು ಎಂದು ಕ್ರೌಡ್‌ಸ್ಟ್ರೈಕ್ ತನ್ನ ಪಾಲಿನ ಸಲಹೆ ಸೇರಿಸಿತು. ಅಂದರೆ ಇದೊಂದು ಓಟದ ಪಂದ್ಯ. ಪ್ರತಿ ರೀಸ್ಟಾರ್ಟೂ ಒಂದು ಲಾಟರಿ ಟಿಕೆಟ್. ಅರಳಿ ಮರಕ್ಕೆ ನಲವತ್ತೆಂಟು ಸುತ್ತು ಹಾಕುವವರನ್ನು ಮೂಢರು ಎನ್ನುತ್ತಿದ್ದ ಎಂಜಿನಿಯರುಗಳು ಹನ್ನೊಂದು, ಹನ್ನೆರಡು ಎಂದು ಎಣಿಸುತ್ತ ಪವರ್ ಬಟನ್ ಒತ್ತಿದರು.

ನಲವತ್ತೆಂಟು ಎಂದೆನಲ್ಲ, ಆ ಸಂಖ್ಯೆಯೂ ಮುಂದೆ ಬಂತು. ಲಾಟರಿ ಹೊಡೆಯದವರಿಗೆ ಉಳಿದದ್ದು ಶಸ್ತ್ರಚಿಕಿತ್ಸೆ: ಯಂತ್ರವನ್ನು ಸೇಫ್ ಮೋಡ್‌ಗೆ ತರಬೇಕು, ವಿಂಡೋಸಿನ ಡ್ರೈವರ್ಸ್ ಫೋಲ್ಡರಿನೊಳಗೆ ಕ್ರೌಡ್‌ಸ್ಟ್ರೈಕ್ ಹೆಸರಿನ ಫೋಲ್ಡರ್ ಹುಡುಕಬೇಕು, 291 ಎಂಬ ಸಂಖ್ಯೆ ಹೊತ್ತ ಫೈಲನ್ನು ಅಳಿಸಬೇಕು. ಬರೆಯಲು ಒಂದು ಸಾಲು, ಮಾಡಲು ಐದು ನಿಮಿಷ. ಆದರೆ ಭದ್ರತೆಯನ್ನು ಗಂಭೀರವಾಗಿ ತೆಗೆದುಕೊಂಡ ಕಂಪನಿಗಳು ತಮ್ಮ ಡಿಸ್ಕುಗಳಿಗೆ ಬಿಟ್‌ಲಾಕರ್ ಬೀಗ ಜಡಿದಿದ್ದವು. ಸೇಫ್ ಮೋಡ್‌ನ ಬಾಗಿಲಲ್ಲಿ ಅದು ಕೀ ಕೇಳುತ್ತದೆ, ಕೀ ಎಂದರೆ 48 ಅಂಕಿ. ಯಂತ್ರ ಉದ್ಯೋಗಿಯ ಮನೆಯಲ್ಲಿ, ಕೀ ಆಫೀಸಿನಲ್ಲಿ, ನಡುವೆ ಒಂದು ಫೋನು. 'ಆರು ಅಂದ್ರಾ ಮೂರು ಅಂದ್ರಾ?' 'ಮೂರು ಸಾರ್, ಮೂರು.' 'ನೂರಾ?' ಬಿಟ್‌ಲಾಕರ್ ಮಾಡಿದ ಪುಣ್ಯಾತ್ಮರು ಇದನ್ನೂ ಊಹಿಸಿದ್ದರು ಎನ್ನಬೇಕು: ಆರಾರು ಅಂಕಿಗಳ ಎಂಟು ಗುಂಪು ಮಾಡಿ, ಪ್ರತಿ ಗುಂಪೂ ಹನ್ನೊಂದರಿಂದ ಭಾಗವಾಗುವಂತೆ ಇಟ್ಟಿದ್ದಾರೆ, ತಪ್ಪು ಒತ್ತಿದರೆ ಅಲ್ಲೇ ಸಿಕ್ಕಿಬೀಳಲಿ ಎಂದು. ಮಗ್ಗಿ ಬರುವವರಿಗೆ ಕೊನೆಗೂ ಒಂದು ಉದ್ಯೋಗ.

ಇದೂ ಸುಖಾಂತ್ಯದ ಕತೆ. ಎಷ್ಟೋ ಕಡೆ ಆ ಕೀಗಳ ಪಟ್ಟಿ ಇದ್ದ ಸರ್ವರೇ ನೀಲಿಗಟ್ಟಿ ಕೂತಿತ್ತು. ಅದನ್ನು ಎಬ್ಬಿಸಲು ಕೀ ಬೇಕು, ಕೀ ಅದರ ಹೊಟ್ಟೆಯೊಳಗಿದೆ. ಆಸ್ಟ್ರೇಲಿಯಾದ ಒಂದು ಲೆಕ್ಕಪರಿಶೋಧಕ ಸಂಸ್ಥೆಯಲ್ಲಿ ಮಾತ್ರ ಯಾರಿಗೋ ಬುದ್ಧಿ ಓಡಿತು. ಕೀಗಳನ್ನೆಲ್ಲ ಬಾರ್‌ಕೋಡ್ ಮಾಡಿ ಪರದೆಯ ಮೇಲೆ ತೋರಿಸಿ, ಅಂಗಡಿಯಲ್ಲಿ ಸೋಪಿಗೆ ಹಿಡಿಯುವಂಥ ಸ್ಕ್ಯಾನರಿನಿಂದ ಓದಿಸಿಬಿಟ್ಟರು. ಅಂದು ಇಡೀ ಜಗತ್ತಿನಲ್ಲಿ ನಡೆದ ಶುದ್ಧ ಎಂಜಿನಿಯರಿಂಗ್ ಅಷ್ಟೇ ಎಂದು ನನ್ನ ಅಭಿಪ್ರಾಯ. ಎಸ್.ಪಿ. ರಸ್ತೆಯವರು ಮೆಚ್ಚುವ ಕೆಲಸ.

ಕೆಟ್ಟ ಫೈಲನ್ನು ಕಂಪನಿ 78 ನಿಮಿಷದಲ್ಲೇ ಹಿಂತೆಗೆದುಕೊಂಡಿತ್ತು. ಇದನ್ನು ಅದರ ವಕ್ತಾರರು ಸಾಧನೆಯ ಧಾಟಿಯಲ್ಲೇ ಹೇಳುತ್ತಿದ್ದರು. ಆದರೆ ಬಿದ್ದ ಯಂತ್ರಕ್ಕೆ ಹಿಂತೆಗೆದ ಸುದ್ದಿ ಮುಟ್ಟಿಸುವವರು ಯಾರು? ಅದರ ಕಿವಿಯೇ ಮುಚ್ಚಿದೆ. ತಪ್ಪು ಕ್ಲೌಡಿನಿಂದ ಒಂದು ಗುಂಡಿ ಒತ್ತಿದರೆ ಬರುತ್ತದೆ, ತಿದ್ದುಪಡಿ ಕಾಲ್ನಡಿಗೆಯಲ್ಲಿ ಬರಬೇಕು. ಬಂದದ್ದು ಡೆಸ್ಕ್‌ಟಾಪ್ ಸಪೋರ್ಟ್ ಎಂಬ ಜಾತಿಯ ಹುಡುಗ. ಕುತ್ತಿಗೆಯಲ್ಲಿ ಬೇರೆ ಬಣ್ಣದ ಟ್ಯಾಗ್, ಕಂಪನಿಯ ನೌಕರನಲ್ಲ, ಗುತ್ತಿಗೆದಾರನ ಗುತ್ತಿಗೆದಾರ ಕಳಿಸಿದವನು. ದೊಡ್ಡ ಸಭೆಗಳಲ್ಲಿ ಆಟೊಮೇಷನ್ ಬಗ್ಗೆ ಸ್ಲೈಡ್ ತೋರಿಸುವಾಗ ಇನ್ನು ಬೇಡ ಎಂದು ಮೊದಲು ಹೊಡೆದುಹಾಕುವ ಹೆಸರು ಅವನದು. ಆ ವಾರಾಂತ್ಯ ಅವನು ಪೆನ್ ಡ್ರೈವ್ ಹಿಡಿದು ಮಹಡಿಯಿಂದ ಮಹಡಿಗೆ, ಮೇಜಿನಿಂದ ಮೇಜಿಗೆ, ಫಲಕದ ಹಿಂದೆ ಅಡಗಿಸಿಟ್ಟ ಪೆಟ್ಟಿಗೆಗೆ ಏಣಿ ಹಾಕಿ ಹತ್ತುತ್ತ ಹೋದ. ಶೇಕಡಾ 99ರಷ್ಟು ಯಂತ್ರಗಳು ಎದ್ದವು ಎಂದು ಕಂಪನಿ ಘೋಷಿಸಿದ್ದು ಜುಲೈ 29ಕ್ಕೆ. ಘೋಷಣೆಯಲ್ಲಿ ಎದ್ದವು ಎಂದಿತ್ತು. ಎಬ್ಬಿಸಿದವನ ಗುತ್ತಿಗೆ ನವೀಕರಣವಾಯಿತೇ ಎಂದು ಇರಲಿಲ್ಲ.

ನಮ್ಮ ದೇಶ ಮಾತ್ರ ಈ ಪ್ರಳಯವನ್ನು ಘನತೆಯಿಂದ ದಾಟಿತು. ಇಂಡಿಗೋ ಸಂಸ್ಥೆ 200ರ ಆಸುಪಾಸು ವಿಮಾನಗಳನ್ನು ರದ್ದು ಮಾಡಿತು ನಿಜ, ಆದರೆ ಹೊರಟ ವಿಮಾನಗಳಿಗೆ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟಿತು. ಹೆಸರು, ಊರು, ಸೀಟು, ಎಲ್ಲ ನೀಲಿ ಪೆನ್ನಿನಲ್ಲಿ. ಜನ ಅದನ್ನು ತಾಮ್ರಶಾಸನದಂತೆ ಎತ್ತಿ ಹಿಡಿದು ಫೋಟೋ ಹಾಕಿದರು. ಸರ್ಕಾರಿ ಜಾಲಕ್ಕೆ ಏನೂ ಆಗಿಲ್ಲ ಎಂದು ಕೇಂದ್ರ ಸಚಿವರು ಅಂದೇ ಭರವಸೆ ಕೊಟ್ಟರು. ಆ ಭರವಸೆ ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತವರಿಗೆ ಅರ್ಥವಾಗಿರಲಿಕ್ಕಿಲ್ಲ. ಬೆರಳು ಒತ್ತಿ, ಒರೆಸಿ, ಮತ್ತೆ ಒತ್ತಿ, 'ಸರ್ವರ್ ಇಲ್ಲ, ನಾಳೆ ಬಾರಮ್ಮ' ಎಂದು ಕೇಳಿಸಿಕೊಂಡು ವಾಪಸಾಗುವುದಕ್ಕೆ ಅವರಿಗೆ ಆಸ್ಟಿನ್‌ನ ಸಹಾಯ ಎಂದೂ ಬೇಕಾಗಿಲ್ಲ. ಅವರ ಸಾಲಿಗೆ ಜಾಗತಿಕ ಎಂಬ ವಿಶೇಷಣವೂ ಸಿಗಲಿಲ್ಲ.

ಕ್ರೌಡ್‌ಸ್ಟ್ರೈಕಿನ ಮುಖ್ಯಸ್ಥ ಜಾರ್ಜ್ ಕರ್ಟ್ಸ್ ಮೊದಲು ಹೇಳಿದ ಮಾತು, ಇದು ಸೈಬರ್ ದಾಳಿಯಲ್ಲ ಎಂದು. ಹೊರಗಿನವರು ಯಾರೂ ಮಾಡಿದ್ದಲ್ಲ, ನಾವೇ ಮಾಡಿದ್ದು, ಗಾಬರಿ ಬೇಡ. ಅವರ ಅನುಭವವನ್ನು ಯಾರೂ ಪ್ರಶ್ನಿಸುವಂತಿಲ್ಲ. 2010ರ ಏಪ್ರಿಲ್ 21ರಂದು ಮ್ಯಾಕಫೀ ಎಂಬ ಇನ್ನೊಂದು ಕಾವಲು ಕಂಪನಿ ಕಳಿಸಿದ ಅಪ್‌ಡೇಟ್, ವಿಂಡೋಸ್ ಎಕ್ಸ್‌ಪಿಯ ಸ್ವಂತ ಫೈಲೊಂದನ್ನೇ ವೈರಸ್ ಎಂದು ಹಿಡಿದು ಶಿಕ್ಷಿಸಿತ್ತು. ಯಂತ್ರಗಳು ಹೀಗೆಯೇ ಎದ್ದು ಬಿದ್ದು, ಎದ್ದು ಬಿದ್ದು ಮಾಡಿದ್ದವು. ಆಗ ಮ್ಯಾಕಫೀಯ ಮುಖ್ಯ ತಾಂತ್ರಿಕ ಅಧಿಕಾರಿ ಇದೇ ಕರ್ಟ್ಸ್. ಮರುವರ್ಷ ಹೊರಬಂದು ಕಟ್ಟಿದ ಕಂಪನಿಯೇ ಕ್ರೌಡ್‌ಸ್ಟ್ರೈಕ್. ನಮ್ಮ ಹುಡುಗರ ಬಯೋಡೇಟಾದಲ್ಲಿ ಆರು ತಿಂಗಳ ಖಾಲಿ ಜಾಗ ಕಂಡರೂ ಎಚ್‌ಆರ್ ಹುಬ್ಬೇರಿಸುತ್ತಾರೆ, ಅದು ಬೇರೆ ಮಾತು.

ಹೊಣೆ ಯಾರದು ಎಂಬ ಪ್ರಶ್ನೆಗೆ ಉತ್ತರ ಒಪ್ಪಂದದ ಸಣ್ಣ ಅಕ್ಷರದಲ್ಲಿ ಮೊದಲೇ ಇತ್ತು. ವೈಫಲ್ಯವನ್ನು ತಾಳುವಂತೆ ಈ ಸರಕನ್ನು ಮಾಡಿಲ್ಲ, ಅಪಾಯದ ಜಾಗಗಳಲ್ಲಿ, ವಿಮಾನ ಸಂಚಾರದಲ್ಲಿ, ಜೀವ ಉಳಿಸುವ ಯಂತ್ರಗಳಲ್ಲಿ ಬಳಸಲು ಉದ್ದೇಶಿಸಿಲ್ಲ. ಮಾರುವಾಗ ಆಸ್ಪತ್ರೆಗೂ ವಿಮಾನ ಸಂಸ್ಥೆಗೂ ಮಾರಿದ್ದು, ಬರೆಯುವಾಗ ಅಲ್ಲಿಗೆ ಅಲ್ಲ ಎಂದು ಬರೆದದ್ದು. ಸುಮಾರು 7,000 ವಿಮಾನ ರದ್ದು ಮಾಡಿ 50 ಕೋಟಿ ಡಾಲರ್ ಕಳೆದುಕೊಂಡೆವೆಂದು ಅತ್ತ ಡೆಲ್ಟಾ ಏರ್‌ಲೈನ್ಸ್ ಕೋರ್ಟಿಗೆ ಹೋಯಿತು. ಅಷ್ಟು ಗತಿಯಿಲ್ಲದ ಪಾಲುದಾರರಿಗೆ, ಅಂದರೆ ನಿದ್ದೆಗೆಟ್ಟು ಯಂತ್ರ ಎಬ್ಬಿಸಲು ನೆರವಾದವರಿಗೆ, ಕ್ರೌಡ್‌ಸ್ಟ್ರೈಕ್ ಹತ್ತು ಡಾಲರಿನ ಊಬರ್ ಈಟ್ಸ್ ಕೂಪನ್ ಕಳಿಸಿತು, ಒಂದು ಕಾಫಿಗಾಯಿತು ಎಂದು. ಒಂದೇ ಕೋಡನ್ನು ಅಷ್ಟು ಜನ ಒಟ್ಟಿಗೆ ಬಳಸಲು ಹೋದದ್ದರಿಂದ ಊಬರ್‌ನ ಭದ್ರತಾ ವ್ಯವಸ್ಥೆ ಇದು ವಂಚನೆಯೆಂದು ಗುರುತಿಸಿ ತಡೆಹಿಡಿಯಿತು. ಆ ಇಡೀ ಪ್ರಕರಣದಲ್ಲಿ ಸರಿಯಾಗಿ ಕೆಲಸ ಮಾಡಿದ ಭದ್ರತಾ ತಂತ್ರಾಂಶ ಇದೊಂದೇ.

ಮೈಕ್ರೋಸಾಫ್ಟ್ ಪಾಠ ಕಲಿಯಲಿಲ್ಲ ಎನ್ನಬಾರದು. ಏಳದ ಯಂತ್ರ ತಾನೇ ನೆಟ್‌ವರ್ಕ್ ಹುಡುಕಿ ಮದ್ದು ತರಿಸಿಕೊಳ್ಳುವ ಏರ್ಪಾಡೊಂದನ್ನು 2025ರಲ್ಲಿ ಬಳಕೆಗೆ ತಂದಿತು; ಸಪೋರ್ಟ್ ಹುಡುಗನ ಏಣಿ ಇನ್ನು ಮುಂದೆ ಬೇಡವಂತೆ. ಜೊತೆಯಲ್ಲೇ, ದಶಕಗಳಿಂದ ಬಂದ ನೀಲಿ ಪರದೆಯನ್ನೂ ತೆಗೆದುಹಾಕಿತು. ಸಪ್ಪೆ ಮೋರೆಯೂ ಹೋಯಿತು. ಈಗ ಯಂತ್ರ ಬಿದ್ದರೆ ಪರದೆ ಕಪ್ಪಾಗಿರುತ್ತದೆ. ಸಾವಿರಾರು ಎಂಜಿನಿಯರುಗಳು ಕೂತು ಯೋಚಿಸಿ ಬಂದು ಮುಟ್ಟಿದ ಬಣ್ಣ ಅದು, ನಮ್ಮಲ್ಲಿ ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಡುವ ಪ್ರತಿ ತಾಯಿಗೂ ಗೊತ್ತಿರುವ ಬಣ್ಣ. ಮುಂದಿನ ಅಪ್‌ಡೇಟಿನಲ್ಲಿ ಸಿಪಿಯು ಪಕ್ಕ ನಿಂಬೆಹಣ್ಣು, ಹಸಿಮೆಣಸಿನಕಾಯಿಗೂ ಒಂದು ಕೊಕ್ಕೆ ಬರಬಹುದು.