ಅಂಗಳದ ಗಿಡ್ಡ ನೀಲಗಿರಿ

ಕೋಲಾರದ ಕಡೆಯವರ ಮುಂದೆ ‘ಮನೆ ಮುಂದೆ ನೀಲಗಿರಿ ಹಾಕಿದ್ದೀನಿ’ ಅಂದು ನೋಡಿ. ಬತ್ತಿದ ಬೋರ್‌ವೆಲ್‌ಗಳ ಲೆಕ್ಕವೆಲ್ಲ ನಿಮ್ಮ ತಲೆಗೇ ಬರುತ್ತದೆ. ಮೆಲ್ಬರ್ನಿಗೆ ಬಂದಿಳಿದ ನಮ್ಮತ್ತೆ ಸೂಟ್‌ಕೇಸು ಒಳಗಿಡುವ ಮೊದಲೇ ಕೇಳಿದ್ದು, “ಏನು ಅಳಿಯಂದಿರೇ, ಇಲ್ಲಿಗೂ ಬಂತಾ ಇದು?”

“ಇದರ ತವರೇ ಈ ದೇಶ ಅತ್ತೆ. ಟಿಪ್ಪು ಕಾಲದಲ್ಲಿ, 1790ರ ಸುಮಾರಿಗೆ ನಂದಿಬೆಟ್ಟಕ್ಕೆ ತರಿಸಿ ನೆಡಿಸಿದರಂತೆ.”

“ನೆಡಿಸಿದೋರು ಹೋದ್ರು, ಇದು ಕುಡಿಯೋದು ಮಾತ್ರ ನಿಲ್ಲಿಸಲಿಲ್ಲ.”

ಅವರ ಮಾತು ಸುಳ್ಳಲ್ಲ. ಕರ್ನಾಟಕ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ಬೆಳೆಯುವುದನ್ನೇ ನಿಷೇಧಿಸಿತು. ಆದರೂ ಎಕರೆಗಟ್ಟಲೆ ಒತ್ತೊತ್ತಾಗಿ ನೆಟ್ಟು, ಕಡಿದು, ಮತ್ತೆ ಚಿಗುರಿಸಿ ಕಡಿದವರು ಮನುಷ್ಯರು. ಹೆಸರು ಕೆಟ್ಟದ್ದು ಮರದ್ದು. ಊರಿನ ಹೊಲದ ಬದುವಿಗೆ ಹೊಂಗೆಯೇ ಇರಲಿ, ಆ ಮಟ್ಟಿಗೆ ನಾನೂ ಅತ್ತೆಯ ಪಕ್ಷ.

ಆದರೆ ನೀಲಗಿರಿಯ ಬಳಗದಲ್ಲಿ 700ಕ್ಕೂ ಹೆಚ್ಚು ಜಾತಿಗಳಿವೆ. ಮೆಲ್ಬರ್ನಿನ ಪಕ್ಕದ ಡ್ಯಾಂಡೆನಾಂಗ್ ಬೆಟ್ಟದಲ್ಲಿ ಮೌಂಟನ್ ಆಶ್ ಮರದ ತುದಿ ನೋಡಲು ಹೋದರೆ ತಲೆಯ ಟೋಪಿ ಹಿಂದಕ್ಕೆ ಬೀಳುತ್ತದೆ. ನನ್ನದು ‘ಸಮ್ಮರ್ ರೆಡ್’. ನಾಲ್ಕೈದು ಮೀಟರಿಗೆ ತೃಪ್ತ. ಪಶ್ಚಿಮ ಆಸ್ಟ್ರೇಲಿಯಾದ ವಾಲ್‌ಪೋಲ್ ಆಸುಪಾಸಿನ ಕೆಂಪು ಹೂವಿನ ಗಮ್ ಮತ್ತು ಉತ್ತರದ ಸೆಕೆನಾಡಿನ ಸ್ವಾಂಪ್ ಬ್ಲಡ್‌ವುಡ್ ಸೇರಿ ಹುಟ್ಟಿದ ತಳಿ. ಬೀಜ ಹಾಕಿದರೆ ಕೆಂಪೋ, ಗುಲಾಬಿಯೋ, ಕೆನೆಬಣ್ಣವೋ, ಹೂ ಬಿಡುವವರೆಗೂ ತಿಳಿಯದು. ಅದಕ್ಕೇ ನರ್ಸರಿಯವರು ಕಸಿ ಕಟ್ಟಿ ಮಾರುತ್ತಾರೆ.

1995ರಲ್ಲಿ ಸಸ್ಯಶಾಸ್ತ್ರಜ್ಞರು ಈ ಕೆಂಪು ಹೂವಿನ ಗಮ್ಮನ್ನು ಯೂಕಲಿಪ್ಟಸ್ ಕುಲದಿಂದ ಎಬ್ಬಿಸಿ ‘ಕೊರಿಂಬಿಯಾ’ ಎಂಬ ಬೇರೆ ಕುಲಕ್ಕೆ ದಾಟಿಸಿದರು. ಕೊನೆಯ ಅಸ್ತ್ರವೆಂದು ಅದನ್ನೂ ಪ್ರಯೋಗಿಸಿದೆ. “ಕುಲ ಬದಲಾಯಿಸಿಕೊಂಡ್ರೆ ನೀರು ಕುಡಿಯೋದು ಬಿಡತ್ತಾ?” ಎಂದರು ಅತ್ತೆ. ವಿಜ್ಞಾನ ಸುಮ್ಮನಾಯಿತು.

ಅವರನ್ನು ಒಲಿಸಿದ್ದು ಬೇಸಿಗೆ. ಇಲ್ಲಿ ಬೇಸಿಗೆಯೆಂದರೆ ನಮ್ಮ ಸಂಕ್ರಾಂತಿಯ ಆಚೀಚೆ. ಮೊಗ್ಗಿನ ಪುಟ್ಟ ಮುಚ್ಚಳ ಕಳಚಿ ಬಿದ್ದದ್ದೇ ತಡ, ಒಳಗಿಂದ ಕೆಂಪು ಕೇಸರಗಳು ಕೆದರಿಕೊಂಡು ಬಂದವು. ದಳಗಳ ಗೊಡವೆಯೇ ಇಲ್ಲ, ಕೇಸರಗಳದ್ದೇ ದರ್ಬಾರು. ಅತ್ತೆ ಬೆಳಿಗ್ಗೆ ಎದ್ದು ಪೂಜೆಗೆಂದು ಬುಟ್ಟಿ ಹಿಡಿದು ಹೊರಟರೆ ಲೋರಿಕೀಟ್ ಗಿಳಿಗಳು ಆಗಲೇ ಹಾಜರ್. ಬೆಂಗಳೂರಿನಲ್ಲಿ ವಾಕಿಂಗ್ ನೆಪದಲ್ಲಿ ಪ್ಲಾಸ್ಟಿಕ್ ಕವರು ಹಿಡಿದು ಪರರ ಕಾಂಪೌಂಡಿನ ದಾಸವಾಳ ಕೀಳುವವರಂತೆಯೇ, ಸಂಕೋಚವಿಲ್ಲ. ಕುಂಚದಂಥ ನಾಲಿಗೆಯಲ್ಲಿ ಮಕರಂದ ಬಳಿದುಕೊಂಡು, ಉಳಿದದ್ದನ್ನು ನೆಲಕ್ಕುದುರಿಸಿ ಗಲಾಟೆ ಮಾಡುತ್ತಾ ಹಾರಿಹೋದವು. “ಹೋಗಲಿ, ಅವೂ ದೇವರೇ” ಎಂದು ಅತ್ತೆ ಬುಟ್ಟಿ ಕೆಳಗಿಟ್ಟರು.

ನೆಡುವ ಮನಸ್ಸಿದ್ದರೆ ಬಿಸಿಲಿರುವ, ನೀರು ನಿಲ್ಲದ ಜಾಗ ನೋಡಿ. ಎಳೆ ಗಿಡವನ್ನು ಹಿಮಗಟ್ಟುವ ಚಳಿಯಿಂದ ಕಾಪಾಡಿ. ಹೂ ಮುಗಿದ ಮೇಲೆ ಕಾಯಿ ಗೊಂಚಲನ್ನು ಕತ್ತರಿಸಿ, ಇಲ್ಲದಿದ್ದರೆ ಭಾರಕ್ಕೆ ಎಳೆ ಕೊಂಬೆ ಬಾಗುತ್ತದೆ. ಕಸಿಯ ಗಂಟಿನ ಕೆಳಗೆ ಚಿಗುರಿದ್ದನ್ನು ಮಾತ್ರ ದಾಕ್ಷಿಣ್ಯವಿಲ್ಲದೆ ಚಿವುಟಿ.