ನಖ್ಶಬದ ಬಾವಿಚಂದ್ರನೂ ನಸಾಫ್ ಕ್ಲಬ್ಬಿನ ಕಂಚಿನ ಯುಗವೂ: ಒಂದು ಘನಗಂಭೀರ ಅಧ್ಯಯನ

ಉಜ್ಬೇಕಿಸ್ತಾನದ ನಸಾಫ್ ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆ ಬರೆಯಹೊರಟವರು ಸಾಮಾನ್ಯವಾಗಿ 1986ರಿಂದ ಆರಂಭಿಸುತ್ತಾರೆ. ಕ್ಲಬ್ ಹುಟ್ಟಿದ್ದು ಆ ವರ್ಷ ಎಂಬ ಕ್ಷುಲ್ಲಕ ಕಾರಣಕ್ಕೆ. ಸಂಶೋಧನೆಯ ಘನತೆ ಬಲ್ಲವರು ಹೀಗೆ ಮಾಡುವುದಿಲ್ಲ. ಯಾವ ವಸ್ತುವಿನ ಚರಿತ್ರೆಯೇ ಆಗಲಿ, ಅದು ಹುಟ್ಟುವುದಕ್ಕೆ ಸಾವಿರ ವರ್ಷ ಮೊದಲೇ ಶುರುವಾಗಬೇಕು. ಇಲ್ಲವಾದರೆ ಪ್ರಬಂಧದ ಪುಟ ತುಂಬುವುದು ಹೇಗೆ? ಆದ್ದರಿಂದ ಪ್ರಸ್ತುತ ಲೇಖಕ ಎಂಟನೆಯ ಶತಮಾನದಿಂದ ಹೊರಡುತ್ತಾನೆ. ಅವಸರವಿರುವ ಓದುಗರು 2011ಕ್ಕೆ ಹಾರಬಹುದು. ಆದರೆ ಅಂಥವರಿಗೆ ಪದವಿ ಸಿಗುವುದಿಲ್ಲ.

ದೇಶದ ದಕ್ಷಿಣಕ್ಕೆ ಕಷ್ಕದರ್ಯಾ ಪ್ರಾಂತ್ಯವಿದೆ, ಅದರ ಮುಖ್ಯಪಟ್ಟಣ ಕರ್ಷಿ. ಹಿಂದೆ ಅರಬರು ಈ ಊರನ್ನು ನಸಾಫ್ ಎಂದೂ ಪರ್ಷಿಯನ್ನರು ನಖ್ಶಬ್ ಎಂದೂ ಕರೆಯುತ್ತಿದ್ದರು. ಖಲೀಫರ ವಿರುದ್ಧ ದಂಗೆಯೆದ್ದ ಅಲ್ ಮುಖನ್ನ ಎಂಬ ಮುಸುಕುಧಾರಿ ಇಲ್ಲಿಯ ಬಾವಿಯೊಂದರಿಂದ ರಾತ್ರಿ ಹೊತ್ತು ಚಂದ್ರನನ್ನು ಮೇಲೆಬ್ಬಿಸಿ ತೋರಿಸುತ್ತಿದ್ದನಂತೆ. ಆ ಬೆಳಕು ಬಹುದೂರದವರೆಗೆ ಕಾಣುತ್ತಿತ್ತಂತೆ. ಬಾವಿಯ ತಳದಲ್ಲಿ ಪಾದರಸ ತುಂಬಿದ ದೊಡ್ಡ ಬಟ್ಟಲು ಸಿಕ್ಕಿತೆಂಬ ಮಾತೂ ಹಳೆಯ ಗ್ರಂಥಗಳಲ್ಲಿ ಉಂಟು. ಪರ್ಷಿಯನ್ ಕವಿಗಳು ಈ ಬಾವಿಚಂದ್ರನನ್ನು ಉಪಮಾನವಾಗಿ ಸವೆಸಿ ಸವೆಸಿ ಹಾಕಿದರು. ಇತಿಹಾಸಕಾರರು ಇದನ್ನು ಕಣ್ಕಟ್ಟು ಎಂದು ತಳ್ಳಿಹಾಕಿದರು. ಇಬ್ಬರಿಗೂ ತೋಚದ ಸಂಗತಿಯನ್ನು ಇಲ್ಲಿ ಮೊದಲ ಬಾರಿಗೆ ಮಂಡಿಸಲಾಗುತ್ತಿದೆ: ಇದು ಮಧ್ಯ ಏಷ್ಯಾದ ಮೊಟ್ಟಮೊದಲ ಹೊನಲು ಬೆಳಕಿನ ವ್ಯವಸ್ಥೆ. ಬೆಳಕು ಇದ್ದ ಮೇಲೆ ಕ್ರೀಡಾಂಗಣ ಇರಲೇಬೇಕು. ಕ್ರೀಡಾಂಗಣ ಸಿಕ್ಕಿಲ್ಲ ಎನ್ನುವುದು ಅಗೆತ ಸಾಲದ್ದಕ್ಕೆ ಸಾಕ್ಷಿಯೇ ಹೊರತು ಕ್ರೀಡಾಂಗಣ ಇರಲಿಲ್ಲ ಎನ್ನುವುದಕ್ಕಲ್ಲ.

ಇದಕ್ಕೆ ಪುಷ್ಟಿ ಕೊಡುವ ಇನ್ನೊಂದು ಪ್ರಮಾಣ 1220ನೆಯ ಇಸವಿಯದು. ಸಮರ್‌ಖಂಡವನ್ನು ಹಣ್ಣುಗಾಯಿ ಮಾಡಿದ ಚಂಗೀಸ್ ಖಾನ್ ಆ ಬೇಸಗೆಯನ್ನು ನಖ್ಶಬದ ಹುಲ್ಲುಗಾವಲಿನಲ್ಲಿ ಕಳೆದ. ಕುದುರೆಗಳಿಗೆ ಮೇವು, ಸೈನಿಕರಿಗೆ ವಿಶ್ರಾಂತಿ, ಮುಂದಿನ ದಂಡಯಾತ್ರೆಗೆ ತಯಾರಿ. ಇವತ್ತು ಯಾವ ತಂಡ ಹೀಗೆ ಮಾಡಿದರೂ ಪತ್ರಿಕೆಯವರು ಅದನ್ನು ತರಬೇತಿ ಶಿಬಿರ ಎನ್ನುತ್ತಾರೆ. ಖಾನನಿಗೆ ಮಾತ್ರ ಆ ಗೌರವ ಏಕಿಲ್ಲ? ಹದಿನಾಲ್ಕನೆಯ ಶತಮಾನದಲ್ಲಿ ಕೆಬೆಕ್ ಖಾನ್ ಇಲ್ಲಿ ಅರಮನೆ ಕಟ್ಟಿಸಿದ, ಊರಿಗೆ ಕರ್ಷಿ ಎಂಬ ಹೆಸರು ಬಂತು. ಅಲ್ಲಿಂದ ಆರುನೂರು ವರ್ಷ ಫುಟ್‌ಬಾಲ್ ದೃಷ್ಟಿಯಿಂದ ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ. ತೈಮೂರ್ ಇದೇ ಪ್ರಾಂತ್ಯದ ಶಹ್ರಿಸಬ್ಜ್ ಕಡೆಯವನು. ಆದರೆ ಆತ ಊರಿನಲ್ಲಿ ನಿಂತು ಆಡಿದವನಲ್ಲ, ಹೊರ ಊರುಗಳಲ್ಲೇ ಹೆಚ್ಚು ಆಡಿದ.

ಹೀಗೆ ಭೂಮಿಕೆ ಭದ್ರವಾದ ಮೇಲೆ 1986ಕ್ಕೆ ಬರಬಹುದು. ಸೋವಿಯತ್ ಒಕ್ಕೂಟದ ಸಂಜೆಹೊತ್ತು. ಅಮುದರ್ಯಾ ನದಿಯ ನೀರನ್ನು ಪಂಪು ಹಾಕಿ ಮೇಲೆತ್ತಿ ಕರ್ಷಿಯ ಒಣ ಬಯಲಿನಲ್ಲಿ ಹತ್ತಿ ಬೆಳೆಯುತ್ತಿದ್ದ ಕಾಲ. ಕ್ಲಬ್ ಹುಟ್ಟಿತು. 1991ರಲ್ಲಿ ದೇಶ ಸ್ವತಂತ್ರವಾಯಿತು, 1992ರಲ್ಲಿ ಅದರದೇ ಲೀಗ್ ಶುರುವಾಯಿತು. ತಾಷ್ಕೆಂಟಿನ ಪಖ್ತಾಕೋರ್, ಫರ್ಗಾನಾದ ನೆಫ್ತ್‌ಚಿ ಮೊದಲ ಪ್ರಶಸ್ತಿಯನ್ನು ಜಂಟಿಯಾಗಿ ಹಂಚಿಕೊಂಡವು. ನಸಾಫ್ 1997ರಲ್ಲಿ ಮೇಲ್ದರ್ಜೆಗೆ ಬಂತು. ಬಂದಾಗ ಹೆಸರು ಪುರಾತನ ಊರಿನದು, ಬಿರುದು ‘ಡ್ರ್ಯಾಗನ್‌ಗಳು’. ಹುಲ್ಲು, ಹತ್ತಿ, ಅನಿಲಬಾವಿ ಬಿಟ್ಟರೆ ಬೇರೇನೂ ಇಲ್ಲದ ಬಯಲಿನಲ್ಲಿ ಡ್ರ್ಯಾಗನ್ ಎಲ್ಲಿಂದ ಬಂತು ಎಂಬುದು ಪ್ರಾಣಿಶಾಸ್ತ್ರ ವಿಭಾಗಕ್ಕೆ ಸಂಬಂಧಿಸಿದ್ದು.

ಇಲ್ಲಿಂದ ಕರ್ಷಿಯ ಕಂಚಿನ ಯುಗ ಆರಂಭ. ಲೋಕದ ಪುರಾತತ್ವದಲ್ಲಿ ಕಂಚು ಮುಗಿದ ಮೇಲೆ ಕಬ್ಬಿಣ ಬರುತ್ತದೆ. ಕರ್ಷಿಯಲ್ಲಿ ಕಂಚು ಮುಗಿದ ಮೇಲೆ ಮತ್ತೆ ಕಂಚು ಬಂತು. 2000ದಲ್ಲಿ ಮೂರನೆಯ ಸ್ಥಾನ. ಮರುವರ್ಷವೂ ಅದೇ. ಆಮೇಲೂ ಆಗಾಗ ಅದೇ. ಮೂರನೆಯ ಸ್ಥಾನ ಎನ್ನುವುದು ಒಂದು ವಿಚಿತ್ರ ಸ್ಥಿತಿ: ಗೆದ್ದೆವೆಂದು ಡೋಲು ಬಡಿಯುವಂತಿಲ್ಲ, ಸೋತೆವೆಂದು ತರಬೇತುದಾರನನ್ನು ಓಡಿಸುವಂತಿಲ್ಲ. ಈ ಕಾಲದ ಜನಜೀವನಕ್ಕೆ ನಂಬಬಹುದಾದ ಭೌತಿಕ ಆಧಾರ ಎಂದರೆ ಸೂರ್ಯಕಾಂತಿ ಬೀಜದ ಸಿಪ್ಪೆ. ಉಜ್ಬೇಕ್ ಪ್ರೇಕ್ಷಕ ಕಾಗದದ ಪೊಟ್ಟಣ ಹಿಡಿದು ಕೂರುತ್ತಾನೆ. ಬೀಜವನ್ನು ಮುಂದಿನ ಹಲ್ಲಿಗೆ ನಿಲ್ಲಿಸಿ ಟಪ್ ಎಂದು ಒಡೆದು, ತಿರುಳನ್ನು ನಾಲಿಗೆಯಿಂದ ಒಳಗೆಳೆದು, ಸಿಪ್ಪೆಯನ್ನು ತುಟಿಯ ಅಂಚಿನಿಂದ ಕಾಲ ಬುಡಕ್ಕೆ ಉದುರಿಸುತ್ತಾನೆ. ಕಣ್ಣು ಮಾತ್ರ ಮೈದಾನ ಬಿಟ್ಟು ಅಲುಗುವುದಿಲ್ಲ. ಗುಡಿಸುವವರು ಬರದೇ ಇದ್ದಿದ್ದರೆ, ಸಿಪ್ಪೆಯ ಪದರ ದಪ್ಪವಿದ್ದ ಕಡೆ ಗೋಲುರಹಿತ ಡ್ರಾ ಎಂದೂ, ತೆಳುವಾಗಿದ್ದ ಕಡೆ ಪೆನಾಲ್ಟಿ ಎಂದೂ ಕರಾರುವಾಕ್ಕಾಗಿ ಕಾಲನಿರ್ಣಯ ಮಾಡಬಹುದಿತ್ತು. ಪೌರಸೇವೆಯ ಅತ್ಯುತ್ಸಾಹದಿಂದ ವಿದ್ವತ್ತಿಗೆ ಆಗಿರುವ ನಷ್ಟ ಅಷ್ಟಿಷ್ಟಲ್ಲ.

ಅತ್ತ ರಾಜಧಾನಿಯಲ್ಲಿ ಬೇರೆಯದೇ ಯುಗ ನಡೆದಿತ್ತು. ಮೊನ್ನೆ ಮೊನ್ನೆ ಕಣ್ಣುಬಿಟ್ಟ ಬುನ್ಯೊದ್ಕೋರ್ ಕ್ಲಬ್ 2008ರಲ್ಲಿ ಬ್ರೆಜಿಲ್ಲಿನ ರಿವಾಲ್ಡೊನನ್ನು ತಾಷ್ಕೆಂಟಿಗೆ ಕರೆಸಿತು. ತರಬೇತುದಾರರಾಗಿ ಜೀಕೊ ಬಂದರು, ಅವರ ಹಿಂದೆ ಸ್ಕೊಲಾರಿ ಬಂದರು. 2008ರಿಂದ 2011ರವರೆಗೆ ಲೀಗ್ ಪ್ರಶಸ್ತಿ ಆ ಮನೆ ಬಿಟ್ಟು ಕದಲಲಿಲ್ಲ. ಕರ್ಷಿಗೆ ಅದೇ 2008ರಲ್ಲಿ ಬಂದದ್ದು ಸುಮಾರು 21,000 ಮಂದಿ ಕೂರಬಹುದಾದ ಹೊಸ ಕ್ರೀಡಾಂಗಣ. ರಿವಾಲ್ಡೊ ಬೇಕೋ ಕುರ್ಚಿ ಬೇಕೋ ಎಂದು ಕೇಳಿದಾಗ ಕುರ್ಚಿ ಆರಿಸಿಕೊಳ್ಳುವ ಊರಿನ ಬಗ್ಗೆ ಈ ಲೇಖಕನಿಗೆ ಮರ್ಯಾದೆಯಿದೆ. ಕುರ್ಚಿಗೆ ಮಂಡಿನೋವು ಬರುವುದಿಲ್ಲ.

ಮೂರು ವರ್ಷಕ್ಕೆ ಆ ಕುರ್ಚಿಗಳು ಕೆಲಸಕ್ಕೆ ಬಂದವು. 2011ರ ಎಎಫ್‌ಸಿ ಕಪ್. ತರಬೇತುದಾರ ಉಕ್ರೇನಿನ ಅನತೊಲಿ ದೆಮ್ಯಾನೆಂಕೊ, ಒಂದು ಕಾಲಕ್ಕೆ ಡೈನಮೊ ಕೀವ್ ತಂಡದ ನಾಯಕ. ಗೋಲು ಹೊಡೆಯುವ ಗುತ್ತಿಗೆ ಮಾಂಟೆನೆಗ್ರೊದ ಇವಾನ್ ಬೊಷ್ಕೊವಿಚ್‌ನದು. ಟೂರ್ನಿಯಲ್ಲಿ 10 ಗೋಲು ಹೊಡೆದು ಎಲ್ಲರಿಗಿಂತ ಮೇಲೆ ನಿಂತ. ಅಕ್ಟೋಬರ್ 29ರಂದು ಕರ್ಷಿಯಲ್ಲೇ ನಡೆದ ಫೈನಲ್‌ನಲ್ಲಿ ಕುವೈತ್ ಕ್ಲಬ್ 2–1ರಿಂದ ಸೋತಿತು. ಏಷ್ಯಾ ಮಟ್ಟದ ಕ್ಲಬ್ ಪ್ರಶಸ್ತಿಯೊಂದು ಉಜ್ಬೇಕಿಸ್ತಾನಕ್ಕೆ ಬಂದದ್ದು ಅದೇ ಮೊದಲು. ರಿವಾಲ್ಡೊ ಇದ್ದ ಊರಿಗೆ ಬಾರದ್ದು ಬಾವಿ ಇದ್ದ ಊರಿಗೆ ಬಂತು.

ಕಾರಣವೇನು? ಇಲ್ಲಿ ವಿದ್ವಾಂಸರು ಎರಡು ಪಕ್ಷ. ಚಂದ್ರವಾದಿಗಳ ನಿಲುವನ್ನು ಮೇಲೆ ಹೇಳಿದ್ದಾಗಿದೆ. ಅನಿಲವಾದಿಗಳು ಇದನ್ನೆಲ್ಲ ಒಪ್ಪುವುದಿಲ್ಲ. ಕಷ್ಕದರ್ಯಾ ದೇಶದ ನೈಸರ್ಗಿಕ ಅನಿಲದ ಕಣಜ, ಎಲ್ಲೆಲ್ಲಿ ಅನಿಲವೋ ಅಲ್ಲಲ್ಲಿ ಕಪ್ ಎಂಬುದು ಅವರು ಕಟ್ಟಿದ ವ್ಯಾಪ್ತಿ. ಕೇಳಲು ಚೆನ್ನಾಗಿದೆ. ಆದರೆ ಅದೇ ಪ್ರಾಂತ್ಯದ ಮುಬಾರಕ್ ಊರಿಗೆ ಅನಿಲ ಸಂಸ್ಕರಣಾ ಕಾರ್ಖಾನೆಯೂ ಇದೆ, ಮಷ್‌ಅಲ್ ಎಂಬ ತಂಡವೂ ಇದೆ. 2005ರಲ್ಲಿ ಲೀಗ್‌ನಲ್ಲಿ ಎರಡನೆಯ ಸ್ಥಾನಕ್ಕೇರಿದ ಆ ತಂಡ ಆಮೇಲೆ ಕೆಳದರ್ಜೆಗೆ ಜಾರಿತು. ಗುಝಾರ್ ಊರಿನ ಶುರ್ತಾನ್ ತಂಡದ ಹೆಸರೇ ಅನಿಲ ನಿಕ್ಷೇಪದ್ದು, ಅದೂ ಜಾರಿತು. ಅನಿಲ ಇದೆ, ಕಪ್ ಇಲ್ಲ. ತರ್ಕಶಾಸ್ತ್ರ ಇದನ್ನು ಸವ್ಯಭಿಚಾರ ಹೇತ್ವಾಭಾಸ ಎನ್ನುತ್ತದೆ, ಹೆಸರು ಕೇಳಿ ಯಾರೂ ಗಾಬರಿಯಾಗಬೇಕಿಲ್ಲ. ಹಾಗಾದರೆ ಸಿದ್ಧಾಂತ? ನಸಾಫ್ ಮೇಲ್ದರ್ಜೆಗೆ ಬಂದದ್ದು ಬಂದೇ ಬಂತು, ಎದ್ದುಹೋಗಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ಕಾದು, ಅದು ಖಾಲಿಯಾಗುವವರೆಗೂ ಇಳಿಯದ ಪ್ರಯಾಣಿಕನ ಹಾಗೆ 2024ರ ಲೀಗ್ ಪ್ರಶಸ್ತಿಯವರೆಗೆ ಇಪ್ಪತ್ತೇಳು ವರ್ಷ ಕೂತಿತು. ಇದಕ್ಕೆ ಆಸನವಾದ ಎಂದು ನಾಮಕರಣ ಮಾಡಲಾಗಿದೆ.

ಭಾರತೀಯ ಓದುಗರಿಗೆ ಸಂಬಂಧಿಸಿದ ಒಂದು ಉಪಾಖ್ಯಾನ. 2021ರ ಸೆಪ್ಟೆಂಬರ್‌ನಲ್ಲಿ ಎಟಿಕೆ ಮೋಹನ್ ಬಾಗಾನ್ ಇದೇ ಎಎಫ್‌ಸಿ ಕಪ್‌ನ ಅಂತರ-ವಲಯ ಸೆಮಿಫೈನಲ್‌ಗೆಂದು ಕರ್ಷಿಗೆ ಹೋಯಿತು. 1889ರಲ್ಲಿ ಹುಟ್ಟಿದ ಮೋಹನ್ ಬಾಗಾನ್ ಪರಂಪರೆ ಒಂದು ಕಡೆ, ಅದಕ್ಕಿಂತ ತೊಂಬತ್ತೇಳು ವರ್ಷ ಕಿರಿಯ ನಸಾಫ್ ಇನ್ನೊಂದು ಕಡೆ. ಬರಿಗೈಲಿ ಹೋಗಬಾರದೆಂಬ ನಮ್ಮ ಕಡೆಯ ಸಂಪ್ರದಾಯದಂತೆ ಅತಿಥಿಗಳು ನಾಲ್ಕನೆಯ ನಿಮಿಷಕ್ಕೇ ತಮ್ಮದೇ ಬಲೆಗೆ ಒಂದು ಗೋಲು ಹಾಕಿಕೊಟ್ಟರು. ಸಂಕೋಚ ಕಳೆದ ಆತಿಥೇಯರು ಉಳಿದದ್ದನ್ನು ತಾವೇ ಬಡಿಸಿಕೊಂಡರು. ಹುಸೇನ್ ನೊರ್ಚಾಯೆವ್ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮೂರು ಗೋಲು ಹೊಡೆದ. ಕೊನೆಗೆ 6–0.

ಇದಾದ ಮೇಲೆ ನವೆಂಬರ್ 5ರ ಫೈನಲ್‌ನಲ್ಲಿ ನಸಾಫ್ ಬಹರೇನಿನ ಮುಹರಕ್ ತಂಡಕ್ಕೆ 3–0ರಿಂದ ಶರಣಾಯಿತು. ಇಲ್ಲಿ ಕನ್ನಡಿಗ ಸಂಶೋಧಕನ ಕಿವಿ ನೆಟ್ಟಗಾಗಬೇಕು. ಬೆಂಗಳೂರು ಎಫ್‌ಸಿ ಇದೇ ಕಪ್‌ನ ಫೈನಲ್ ತಲುಪಿ ದೋಹಾದಲ್ಲಿ ಇರಾಕಿನ ವಾಯುಪಡೆಯ ತಂಡಕ್ಕೆ 1–0ರಿಂದ ಸೋತದ್ದು 2016ರ ನವೆಂಬರ್ 5ರಂದು. ಅದೇ ಕಪ್, ಅದೇ ತಾರೀಖು, ಅದೇ ಕೊಲ್ಲಿಯ ದಂಡೆ. ಪಂಚಾಂಗ ನೋಡದೆ ವೇಳಾಪಟ್ಟಿ ಮಾಡುವ ಏಷ್ಯನ್ ಒಕ್ಕೂಟದ ಪದ್ಧತಿಯ ಮೇಲೆ ಪ್ರತ್ಯೇಕ ಪ್ರಬಂಧವೇ ಬೇಕಾಗುತ್ತದೆ.

ಉಳಿದದ್ದನ್ನು ಬೇಗ ಮುಗಿಸುತ್ತೇನೆ, ಗೆದ್ದವರ ಚರಿತ್ರೆಯಲ್ಲಿ ಟಿಪ್ಪಣಿ ಹಾಕಲು ಜಾಗ ಕಡಿಮೆ. ಉಜ್ಬೇಕಿಸ್ತಾನ್ ಕಪ್ ಮೊದಲು 2015ರಲ್ಲಿ, ಆಮೇಲೆ 2021, 2022, 2023ರಲ್ಲಿ ಸಾಲಾಗಿ ಮೂರು ಸಲ. 2023–24ರ ಏಷ್ಯನ್ ಚಾಂಪಿಯನ್ಸ್ ಲೀಗ್‌ನಲ್ಲಿ, ಮುಂದೆ ಪ್ರಶಸ್ತಿಯನ್ನೇ ಗೆದ್ದ ಅಲ್ ಐನ್ ತಂಡದೆದುರು ಒಂದೇ ಗೋಲಿನ ಅಂತರದಿಂದ ಹೊರಬಿತ್ತು. 2024ರಲ್ಲಿ ರೂಝಿಕುಲ್ ಬೆರ್ದಿಯೆವ್ ತರಬೇತಿಯಲ್ಲಿ ಕೊನೆಗೂ ಲೀಗ್ ಚಾಂಪಿಯನ್. ಊರಿಗೆ ಹಬ್ಬ. ಕಂಚಿನ ಯುಗದ ಮೇಲೆ ಹೊಟ್ಟೆ ಹೊರೆಯುತ್ತಿದ್ದ ವಿದ್ವಾಂಸರಿಗೆ ಮಾತ್ರ ದೊಡ್ಡ ಪೆಟ್ಟು.

ಬಾವಿಯ ಆಳ, ಪಾದರಸದ ಶುದ್ಧತೆ, ಡ್ರ್ಯಾಗನ್ನಿನ ಆಹಾರಕ್ರಮ ಇವು ಸ್ಥಳಕ್ಕೇ ಹೋಗಿ ಇತ್ಯರ್ಥಪಡಿಸಬೇಕಾದ ವಿಷಯಗಳು. ಹಾಗಾಗಿ ಕ್ಷೇತ್ರಕಾರ್ಯಕ್ಕೆ ಪ್ರಯಾಣಭತ್ಯೆ ಹಾಗೂ ದಿನಭತ್ಯೆ ಕೋರಿ ಅರ್ಜಿ ಸಲ್ಲಿಸಲಾಗಿದೆ. ಅರ್ಜಿಯಲ್ಲಿ ಆಗಸ್ಟ್ ತಿಂಗಳನ್ನೇ ಸೂಚಿಸಿರುವುದಕ್ಕೂ ಆ ಸೀಮೆಯಲ್ಲಿ ಕರಬೂಜದ ಸುಗ್ಗಿ ಆಗಲೇ ಬೀಳುವುದಕ್ಕೂ ಯಾವ ಸಂಬಂಧವೂ ಇಲ್ಲವೆಂದು ಪರಿಶೀಲನಾ ಸಮಿತಿಗೆ ಈ ಮೂಲಕ ಸ್ಪಷ್ಟಪಡಿಸಲಾಗಿದೆ.