‘ಎಂಜಿನ್‌ಗೆ ಮಾತ್ರ ವಾರಂಟಿ’ ಕೊಟ್ಟ ಅಣ್ಣನಿಗೆ

ಸೆಕೆಂಡ್ ಹ್ಯಾಂಡ್ ಬೈಕ್ ಮಾರುವ ಅಣ್ಣನಿಗೆ ನಮಸ್ಕಾರ.

ನೀವು ಕೊಟ್ಟ ಗಾಡಿ ಬಲು ಉಳಿತಾಯದ್ದು. ಹೆಚ್ಚಾಗಿ ನಿಂತೇ ಇರುವುದರಿಂದ ಪೆಟ್ರೋಲ್ ಖರ್ಚಿಲ್ಲ. ‘ಬ್ಯಾಂಕ್ ಮ್ಯಾನೇಜರ್ ಗಾಡಿ ಸಾರ್, ಭಾನುವಾರ ದೇವಸ್ಥಾನಕ್ಕೆ ಬಿಟ್ಟರೆ ಹೊರಗೇ ತೆಗೆದಿಲ್ಲ’ ಎಂದಿದ್ದಿರಿ. ಮೀಟರೂ 18,000 ಕಿ.ಮೀ. ಎಂದು ಸಾಕ್ಷಿ ನುಡಿದಿತ್ತು. ಆದರೆ ಫುಟ್‌ರೆಸ್ಟ್ ರಬ್ಬರ್ ನುಣ್ಣಗಾಗಿದೆ, ಸ್ಪ್ರಾಕೆಟ್ಟಿನ ಹಲ್ಲುಗಳು ಗರಗಸದಂತೆ ಚೂಪಾಗಿವೆ. ಆ ದೇವಸ್ಥಾನ ಕಾಶಿಯಲ್ಲಿದ್ದಿರಬೇಕು.

ಇನ್ನು ವಾರಂಟಿ. ‘ಎಂಜಿನ್‌ಗೆ ಆರು ತಿಂಗಳು ನಾನು ಗ್ಯಾರಂಟಿ’ ಎಂದಿರಿ. ಅಂದಿನಿಂದ ನಮ್ಮಿಬ್ಬರ ನಡುವೆ ಎಂಜಿನ್ ಎಂದರೇನು ಎಂಬ ಜಿಜ್ಞಾಸೆ ನಡೆದಿದೆ. ಕಾರ್ಬೊರೇಟರ್ ಉಕ್ಕಿ ಪೆಟ್ರೋಲ್ ಸೋರಿತು: ‘ಅದು ಎಂಜಿನ್ ಅಲ್ಲ ಸಾರ್.’ ಸೆಲ್ಫ್ ಮೋಟಾರ್ ಕೈಕೊಟ್ಟಿತು: ‘ಅದು ಎಲೆಕ್ಟ್ರಿಕಲ್.’ ಕ್ಲಚ್ ಪ್ಲೇಟ್ ಸುಟ್ಟಿತು: ‘ಅದು ಸವೆಯೋ ಐಟಂ.’ ಕೊನೆಗೆ ಸೈಲೆನ್ಸರಿನಿಂದ ನೀಲಿ ಹೊಗೆ ಎದ್ದಿತು. ಬಿಚ್ಚಿ ನೋಡಿದ ನಮ್ಮ ಬೀದಿಯ ಮೆಕ್ಯಾನಿಕ್, ಪಿಸ್ಟನ್ ರಿಂಗ್ ಸವೆದು ಆಯಿಲ್ ಉರಿಯುತ್ತಿದೆ ಎಂದ. ಇಷ್ಟು ಸಂತೋಷದಿಂದ ಕೆಟ್ಟ ಸುದ್ದಿ ಕೇಳಿದವರು ಯಾರೂ ಇರಲಿಕ್ಕಿಲ್ಲ. ಪಿಸ್ಟನ್ನೂ ಎಂಜಿನ್ ಅಲ್ಲ ಎನ್ನಲು ನಿಮಗೂ ಬಾಯಿ ಬರಲಿಲ್ಲ. ಬದಲಿಗೆ, ‘ಹೊರಗಡೆ ಬಿಚ್ಚಿಸಿದ್ದೀರಾ? ವಾರಂಟಿ ಕ್ಯಾನ್ಸಲ್’ ಎಂದಿರಿ. ನೇತಿ ನೇತಿ ಎಂದ ಋಷಿಗಳು ಕೊನೆಗೆ ಬ್ರಹ್ಮವನ್ನಾದರೂ ಉಳಿಸಿದ್ದರು.

ಗಾಡಿ ಕೈಬದಲಾದ 14 ದಿನದೊಳಗೆ ಮಾರಿದವರು ಆರ್‌ಟಿಒಗೆ ತಿಳಿಸಬೇಕೆನ್ನುತ್ತದೆ ಮೋಟಾರು ವಾಹನ ಕಾಯ್ದೆ. ಮಾಲೀಕರ ಹೆಸರು ಬದಲಿಸಲೆಂದು ಸಹಿ ಮಾಡಿದ ಫಾರ್ಮ್ 29 ಮತ್ತು 30 ಇನ್ನೂ ನಿಮ್ಮ ಡ್ರಾಯರಿನಲ್ಲೇ ಇವೆ. ಹಾಗಾಗಿ ನನ್ನ ನೋ ಪಾರ್ಕಿಂಗ್ ದಂಡ ಹಳೇ ಮಾಲೀಕರಿಗೆ ಹೋಗಿ, ಅವರೇ ಫೋನ್ ಮಾಡಿದ್ದರು. ಅವರು ಬ್ಯಾಂಕಿನವರಲ್ಲ ಅಣ್ಣ, ಮನೆಮನೆಗೆ ಪಾರ್ಸೆಲ್ ತಲುಪಿಸುವವರು.

ನೀವು ರಸೀದಿ ಕೊಟ್ಟಿಲ್ಲ, ನಿಜ. ಆದರೆ ‘ನಾನು ಗ್ಯಾರಂಟಿ’ ಎಂಬ ವಾಟ್ಸಾಪ್ ಧ್ವನಿ ಸಂದೇಶ ಭದ್ರವಾಗಿದೆ. ಸರಿಯಾಗಿ ಪರೀಕ್ಷಿಸದೆ ವಾರಂಟಿ ಸಾರುವುದನ್ನೇ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಎಂದು ಕರೆಯುತ್ತದೆ. ಪರೀಕ್ಷಿಸಿದ್ದೆ ಎಂದು ವಾದಿಸುವಿರಾದರೆ ರುಜುವಾತು ಮಾಡುವ ಹೊಣೆಯೂ ನಿಮ್ಮದೇ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಜಿಲ್ಲಾ ಗ್ರಾಹಕ ಆಯೋಗ ಶುಲ್ಕ ಕೇಳುವುದಿಲ್ಲ. ಈ ಗಾಡಿಯ ವಿಷಯದಲ್ಲಿ ನನಗೆ ಪುಕ್ಕಟೆ ಸಿಕ್ಕಿರುವುದು ಅದೊಂದೇ.

ಇಂತಿ,
ನಿಮ್ಮ ಗಿರಾಕಿ

ತಾ.ಕ.: ಗಾಡಿಯನ್ನು ನಿಮ್ಮ ಅಂಗಡಿ ಷಟರಿಗೆ ಅಡ್ಡವಾಗಿ ನಿಲ್ಲಿಸಿದ್ದೇನೆ. ಸರಿಸಬೇಕಿದ್ದರೆ ತಳ್ಳಿಕೊಳ್ಳಿ. ಸೆಲ್ಫ್ ಒತ್ತಬೇಡಿ, ಅದು ಎಲೆಕ್ಟ್ರಿಕಲ್.